ಏರಿಲ್ಲದ ಊರು

೧೫ ಜೂನ್ ೨೦೨೫, ಭಾನುವಾರ. ಬೆಳಿಗ್ಗೆ ೮

ಆರಕ್ಕೆ ಹೊರಟು ಏಳೂವರೆಗೆ ವಾಪಸ್. ಶಂಕರಪುರದಿಂದ ಗಾಂಧಿ ಬಜಾರ್, ಅಲ್ಲಿಂದ ಚಾಮರಾಜಪೇಟೆ, ಮತ್ತೆ ಮನೆ. ವಿಶ್ವ ಮುಂದೆ, ನಾನು ಹಿಂದೆ. ಸೈಕಲ್ ಮೇಲೆ ಕೂತ ನನ್ನ ತಮ್ಮನನ್ನು ನೋಡಿದವರು ಕಾಯಿಲೆಯವನು ಅನ್ನುವುದಿಲ್ಲ. ಬೆನ್ನು ನೆಟ್ಟಗೆ, ಕಾಲು ಗಡಿಯಾರದ ಹಾಗೆ. ಮೂವತ್ತೆರಡು ವರ್ಷ ಪೋಸ್ಟ್‌ಮ್ಯಾನ್ ಆಗಿ ತುಳಿದ ಕಾಲು.

ಇಳಿದ ಮೇಲೆ ಬೇರೆ ಮನುಷ್ಯ. ಹೊಸ್ತಿಲ ಮುಂದೆ ಎರಡು ಪಾದವೂ ನೆಲಕ್ಕೆ ಗೋಂದು ಹಾಕಿ ಅಂಟಿಸಿದಂತೆ ನಿಂತುಬಿಡುತ್ತವೆ. ಪಾರ್ಕಿನ್ಸನ್ ಹೀಗೂ ಆಟ ಆಡಿಸುತ್ತದಂತೆ. "ನಡೆಯಕ್ಕಾಗದವರು ಸೈಕಲ್ ಹೊಡೀಬಹುದು. ಎಷ್ಟು ದಿನ ಅಂತ ನಾನ್ ಹೇಳಕ್ಕಾಗಲ್ಲ" ಎಂದರು ಡಾಕ್ಟರು. ಕಣ್ಣಿಗೆ ಗೆರೆ ಕಂಡರೆ ಕಾಲು ಎದ್ದೀತು ಎಂದೂ ಹೇಳಿದ್ದರು. ನಾನು ಪ್ರೂಫ್ ನೋಡುವ ಸುಲ್ತಾನ್‌ಪೇಟೆಯ ಅಚ್ಚಿನ ಅಂಗಡಿಯಿಂದ ಕೆಟ್ಟುಹೋದ ಲಗ್ನಪತ್ರಿಕೆಗಳನ್ನು ತಂದು, ಅರಿಶಿನದ ಬಣ್ಣದ ಪಟ್ಟಿ ಕತ್ತರಿಸಿ, ಪ್ರತಿ ಬಾಗಿಲಿಗೂ ಅಡ್ಡಲಾಗಿ ಅಂಟಿಸಿದ್ದೇನೆ. ವಧೂವರರ ಹೆಸರು ತುಳಿಯುವುದು ಬೇಡವೆಂದು ಅಚ್ಚಿನ ಮುಖ ಕೆಳಗೆ.

"ಇವತ್ತು ಯಾರ್ ಮದ್ವೆ ದಾಟ್ಬೇಕಣ್ಣ?" ಎಂದ ವಿಶ್ವ. ದಾಟಿದ.

ತುಮಕೂರಿಗೆ, ತಂಗಿ ಸರ್ವಮಂಗಳಾಗೆ ಕಾಗದ ಹಾಕಿದೆ. ಹೃದಯದ ಆಪರೇಷನ್ ಆದವಳು, ಗಾಬರಿಪಡಿಸಬಾರದು. "ವಿಶ್ವ ಗೆಲುವಾಗಿದ್ದಾನೆ" ಎಂದು ಬರೆದೆ. ಕಾಗದಕ್ಕೆ ಹೋಗದ್ದು ಈ ಪುಸ್ತಕಕ್ಕೆ ಬರುತ್ತದೆ.

೨೨ ಜೂನ್, ಭಾನುವಾರ

ವಿಶ್ವನ ಬ್ರೇಕ್ ಸರಿಮಾಡಿಸಲು ಇಬ್ಬರೂ ಮುರುಗೇಶನ ಸೈಕಲ್ ಅಂಗಡಿಗೆ ಹೋದೆವು. ಪಾಂಡಿಚೇರಿ ಕಡೆಯವನು, ಇಲ್ಲಿಗೆ ಬಂದು ಮೂವತ್ತು ವರ್ಷ. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಏದುಸಿರು ಬರುತ್ತದೆ ಎಂದೆ.

"ನಮ್ಮೂರಿಗೆ ಬನ್ನಿ ಸಾರ್. ಏರು ಅನ್ನೋದೇ ಇಲ್ಲ. ದೋಸೆ ಕಾವಲಿ ಇದ್ದಂಗೈತೆ. ಬೆಳಿಗ್ಗೆ ಬೀಚ್ ರೋಡಲ್ಲಿ ಗಾಡಿ ಬಿಡಲ್ಲ. ಬಾಡಿಗೆ ಸೈಕಲ್ ತಗೊಂಡು ನಿಧಾನಕ್ ಸುತ್ತಿ. ಒಂದ್ ಕಡೆ ಸಮುದ್ರ, ಒಂದ್ ಕಡೆ ಹಳೇ ಮನೆಗಳು."

ವಿಶ್ವನ ಮುಖ ನೋಡಬೇಕಿತ್ತು. ಕಾಯಿಲೆ ಬಂದಮೇಲೆ ಮುಖದಲ್ಲಿ ನಗು ಮೂಡುವುದು ಅಪರೂಪ. ಮೂಡಿತು.

"ಮೂವತ್ತೆರಡು ವರ್ಷ ಕಂಡೋರ ಮನೆಗೆ ಸಮುದ್ರದ ಚಿತ್ರ ಇರೋ ಕಾರ್ಡ್ ಹಂಚಿದೀನಿ. ಒಂದ್ಸಲ ಅದರ ಪಕ್ಕ ಸೈಕಲ್ ಹೊಡೀಬೇಕು. ಬರೋ ಶನಿವಾರಾನೇ ಹೋಗ್ಬಿಡೋಣ ಅಣ್ಣ. ಮಾನಸಂಗೂ ರಜ."

ಮಾನಸ ಅವನ ಮಗಳು, ಮಲ್ಲೇಶ್ವರದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅಮ್ಮ ಇಲ್ಲದ ಹುಡುಗಿ, ನಮ್ಮಿಬ್ಬರನ್ನೂ ನೋಡಿಕೊಳ್ಳುವವಳು.

"ಗುರುವಾರದಿಂದ ಆಷಾಢ ಕಣೋ" ಎಂದೆ.

"ನಾವೇನ್ ಮದ್ವೆ ಆಗಕ್ ಹೋಗ್ತಿದೀವಾ?"

"ಹೊಸದೇನೂ ಶುರು ಮಾಡ್ಬಾರ್ದು. ಒಂದ್ ತಿಂಗಳು ತಾನೇ? ಸಮುದ್ರ ಎಲ್ಲಿಗ್ ಹೋಗತ್ತೆ?"

ಬ್ರೇಕ್ ಹಿಡಿದು ನೋಡತೊಡಗಿದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಕ್ಷರ ಕಲಿತದ್ದು ಅಚ್ಚುಮೊಳೆಯಿಂದ, ಪಂಚಾಂಗ ಕಲಿತದ್ದು ಲಗ್ನಪತ್ರಿಕೆಯಿಂದ. ಐವತ್ತು ವರ್ಷದಲ್ಲಿ ಆಷಾಢದ ತಾರೀಕು ಹೊತ್ತ ಒಂದೇ ಒಂದು ಪತ್ರಿಕೆ ನನ್ನ ಕೈಯಿಂದ ಹೊರಗೆ ಹೋಗಿಲ್ಲ.

೨೯ ಜೂನ್, ಭಾನುವಾರ

ಮೋಡ. ಒಳ್ಳೆಯ ಸವಾರಿ. ವಿಶ್ವ ಎರಡೂ ಕೈ ಬಿಟ್ಟು ಹತ್ತು ಮಾರು ಹೋದ. ಬೈದೆ. ಅರವತ್ತಾರರ ಪೋರ.

ಅಂಗಡಿಯಲ್ಲಿ ಕೆಲಸವಿಲ್ಲ. ಆಷಾಢ. ಸ್ಯಾಂಪಲ್ ಕಾರ್ಡಿನ ಧೂಳು ಒರೆಸುವುದು, ಟೀ ಕುಡಿಯುವುದು. ನಾನು ನಾಲ್ಕು ದಿನ ಬರದಿದ್ದರೂ ಯಾರಿಗೂ ತೊಂದರೆ ಆಗುತ್ತಿರಲಿಲ್ಲ. ಈ ತಿಂಗಳೇ ಹೋಗಿದ್ದರೆ...

೩ ಆಗಸ್ಟ್, ಭಾನುವಾರ

ತಿಂಗಳಾಯಿತು ಬರೆದು. ಶ್ರಾವಣದ ಲಗ್ನಗಳು. ಬೆಳಿಗ್ಗೆ ಒಂಬತ್ತರಿಂದ ಪ್ರೂಫ್ ನೋಡಿ ನೋಡಿ ಕಣ್ಣು ಉರಿ. ನನಗೆ ಎಪ್ಪತ್ತೆರಡು ವರ್ಷವಾದರೂ ಅಂಗಡಿಯವರು ಬಿಡುವುದಿಲ್ಲ. ಬಿಟ್ಟರೂ ನಾನು ಬಿಡುವವನಲ್ಲ, ಅದೂ ನಿಜ.

ಇಂದು ಗಾಂಧಿ ಬಜಾರಿನ ತಿರುವಿನಲ್ಲಿ ವಿಶ್ವನ ಎಡಗಾಲು ಪೆಡಲ್‌ನಿಂದ ಜಾರಿತು. ಮತ್ತೆ ಇಟ್ಟುಕೊಂಡ. ಮನೆಯ ಹತ್ತಿರ ಇನ್ನೊಂದು ಸಲ.

"ಚಪ್ಲಿ ಸವೆದಿದೆ" ಎಂದ.

ಹೊಸ ಚಪ್ಪಲಿ. ಹೋದ ತಿಂಗಳು ನಾನೇ ಕೊಡಿಸಿದ್ದು. ಮಾನಸಾಗೆ ಹೇಳಲಿಲ್ಲ. ಸರ್ವಮಂಗಳಾಗೆ "ಈಗಲೂ ಮುಂದೆ ಅವನೇ, ಹಿಂದೆ ನಾನೇ" ಎಂದು ಬರೆದೆ. ಸುಳ್ಳಲ್ಲ. ಅವನು ಬಿದ್ದರೆ ಕಾಣಲಿ ಎಂದೇ ಹಿಂದೆ ಇರುವುದು.

೭ ಸೆಪ್ಟೆಂಬರ್, ಭಾನುವಾರ. ಮಧ್ಯಾಹ್ನ

ಎರಡು ವಾರದಿಂದ ಸವಾರಿ ಚಾಮರಾಜಪೇಟೆಯವರೆಗೆ ಮಾತ್ರ. ಅವನೇ ತಿರುಗಿಸುತ್ತಾನೆ, ನಾನು ಕೇಳುವುದಿಲ್ಲ.

ಊಟಕ್ಕೆ ಕೂತಾಗ ಮಾನಸ ಎತ್ತಿದಳು. "ದೊಡ್ಡಪ್ಪ, ಈ ವಾರ ರಜ ಹಾಕ್ತೀನಿ. ಪಾಂಡಿಗೆ ಹೋಗ್ಬರೋಣ."

"ನಾಳೆಯಿಂದ ಪಿತೃಪಕ್ಷ ಕಣಮ್ಮ. ಮಹಾಲಯ ಕಳೀಲಿ. ಆಮೇಲೆ ದಸರಾ..."

ತಟ್ಟೆ ಸರಿಸಿ ಎದ್ದಳು. ಗೋಡೆಯ ಕ್ಯಾಲೆಂಡರ್ ಕಿತ್ತು ತಂದು ನನ್ನ ಮುಂದೆ ಇಟ್ಟಳು.

"ಇದ್ರಲ್ಲಿ ಅಪ್ಪಂಗೆ ಒಳ್ಳೆ ದಿನ ಯಾವ್ದಿದೆ, ನೀವೇ ತೋರ್ಸಿ."

ವಿಶ್ವ ಸಾರಿನ ಲೋಟ ಎರಡೂ ಕೈಯಲ್ಲಿ ಹಿಡಿದಿದ್ದ. "ಬಿಡೆ ಮಾನಸ. ಅವನ ಕಸುಬು ಅದು. ಮುಹೂರ್ತ ಇಲ್ದೆ ಅವನು ಕೆಮ್ಮೋದೂ ಇಲ್ಲ."

ನಕ್ಕೆವು, ಮೂವರೂ. ಆಮೇಲೆ ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಲು ಹೋದೆ. ತುಂಬ ಹೊತ್ತು ತೂತು ಸಿಗಲಿಲ್ಲ.

೧೨ ಅಕ್ಟೋಬರ್, ಭಾನುವಾರ

ದಸರಾ ಮುಗಿಯಿತು. ಇನ್ನು ಯಾವ ಅಡ್ಡಿಯೂ ಇಲ್ಲ. ಬಾಡಿಗೆ ಸೈಕಲ್ ಎಲ್ಲಿ ಸಿಗುತ್ತದೆಂದು ವಿಚಾರಿಸಲು ಒಬ್ಬನೇ ಮುರುಗೇಶನ ಅಂಗಡಿಗೆ ಹೋದೆ.

"ಈಗಾ? ಈಗ ಬೇಡ ಸಾರ್. ನಮ್ಮ ಕಡೆ ಮಳೆ ಶುರುವಾಗೋದೇ ಈಗ. ಡಿಸೆಂಬರ್ ತನಕ ಬಿಡಲ್ಲ. ಬೀಚ್ ರೋಡ್ ಮೇಲೆ ಅಲೆ ಬಂದ್ಬಿಡತ್ತೆ."

"ಮೊದ್ಲೇ ಯಾಕಪ್ಪಾ ಹೇಳ್ಲಿಲ್ಲ?"

ಮುರುಗೇಶ ಎಣ್ಣೆಗೈ ಒರೆಸಿಕೊಂಡ. "ನೀವು ಜೂನಲ್ಲಿ ಕೇಳಿದ್ರಿ ಸಾರ್. ಜೂನಲ್ಲಿ ಅಲ್ಲಿ ಮಳೆ ಇರಲ್ವಲ್ಲ."

ಸೈಕಲ್ ತಳ್ಳಿಕೊಂಡೇ ಮನೆಗೆ ಬಂದೆ. ಹತ್ತಬೇಕೆನಿಸಲಿಲ್ಲ.

೯ ನವೆಂಬರ್, ಭಾನುವಾರ. ಬೆಳಿಗ್ಗೆ ೧೦

ಬಿದ್ದ.

ನಮ್ಮ ರಸ್ತೆಯಲ್ಲೇ, ಮನೆಗೆ ನಾಲ್ಕು ಮನೆ ಇರುವಾಗ. ಗಾಡಿ ಇಲ್ಲ, ನಾಯಿ ಇಲ್ಲ, ಗುಂಡಿ ಇಲ್ಲ. ತುಳಿಯುತ್ತಿದ್ದ ಕಾಲು ತುಳಿಯುವುದನ್ನು ನಿಲ್ಲಿಸಿತು, ಅಷ್ಟೇ. ಹೊಸ್ತಿಲಲ್ಲಿ ನಿಲ್ಲುತ್ತಿದ್ದದ್ದು ಈಗ ಸೈಕಲ್ ಮೇಲೂ. ಮೊಣಕೈ ತರಚಿದೆ, ಮೂಳೆಗೇನೂ ಆಗಿಲ್ಲ.

ಎತ್ತಿ ಕೂರಿಸಿದೆ. ಸೈಕಲ್ಲಿನ ಚಕ್ರ ಇನ್ನೂ ತಿರುಗುತ್ತಿತ್ತು. ಇಬ್ಬರೂ ಅದನ್ನೇ ನೋಡಿದೆವು.

"ಮಾನಸಂಗೆ ಹೇಳ್ಬೇಡ ಅಣ್ಣ."

ಹೇಳಬೇಕಾಗಲಿಲ್ಲ. ಅವಳು ಗೇಟಿನಲ್ಲೇ ನಿಂತಿದ್ದಳು. ಸೈಕಲ್ಲಿಗೆ ಬೀಗ ಹಾಕಿ ಕೀ ತನ್ನ ಪರ್ಸಿಗೆ ಹಾಕಿಕೊಂಡಳು. ವಿಶ್ವ ಜಗಳ ಆಡುತ್ತಾನೆಂದುಕೊಂಡೆ. ಆಡಿದ್ದರೆ ಚೆನ್ನಾಗಿತ್ತು.

೨೧ ಡಿಸೆಂಬರ್, ಭಾನುವಾರ

ಪಟ್ಟಿಗಳನ್ನು ಬದಲಿಸಿದೆ. ಹಳೆಯವು ಸವೆದಿದ್ದವು. ಈಗ ಬಾಗಿಲಿಗೊಂದು ಸಾಲದು, ಮೊಳಕ್ಕೊಂದು ಬೇಕು. ಮನೆಯ ಕೆಂಪು ನೆಲವೆಲ್ಲ ಹಳದಿ ಗೆರೆ.

ಮಂಡಿಯೂರಿ ಅಂಟಿಸುತ್ತಿದ್ದಾಗಲೇ ಹೇಳಿದೆ. "ಮೂರನೇ ತಾರೀಕು ಹೊರಡೋಣ. ಮಳೆ ನಿಂತಿದೆಯಂತೆ."

ಮಾನಸ ಕ್ಯಾಲೆಂಡರ್ ಕಡೆ ನೋಡಿದಳು. "ಧನುರ್ಮಾಸ ಅಲ್ವಾ ದೊಡ್ಡಪ್ಪ?" ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೂ ಕೇಳಿದಳು.

"ಇರ್ಲಿ."

ವಿಶ್ವ ಸೋಫಾದಿಂದ ನನ್ನನ್ನೇ ನೋಡುತ್ತಿದ್ದ. ಧ್ವನಿ ಈಗ ಬಹಳ ಸಣ್ಣದು, ಹತ್ತಿರ ಹೋಗಿ ಕೇಳಿಸಿಕೊಳ್ಳಬೇಕು.

"ಈಗ ನೆನಪಾಯ್ತಾ?" ಎಂದ.

ಮುಂದಿನ ಪಟ್ಟಿಗೆ ಗೋಂದು ಹಚ್ಚಿದೆ.

೪ ಜನವರಿ ೨೦೨೬, ಭಾನುವಾರ. ಪಾಂಡಿಚೇರಿ, ಬೆಳಿಗ್ಗೆ ೧೦

ನಿನ್ನೆ ಮಾನಸ ಕಾರು ಓಡಿಸಿದಳು. ಲಾಡ್ಜಿನ ಬಚ್ಚಲ ಬಾಗಿಲಿಗೂ ಪಟ್ಟಿ ಅಂಟಿಸಿದೆ, ಒಂದು ಕಟ್ಟು ತಂದಿದ್ದೆ.

ಆರಕ್ಕೆ ಬೀಚ್ ರಸ್ತೆ. ಎರಡು ಬಾಡಿಗೆ ಸೈಕಲ್. ಮುರುಗೇಶ ಹೇಳಿದ್ದು ಅಕ್ಷರಶಃ ನಿಜ. ಏರಿಲ್ಲ, ಗಾಡಿಯಿಲ್ಲ. ಸಮುದ್ರ... ಅದನ್ನು ಬರೆಯಲು ನನಗೆ ಬರುವುದಿಲ್ಲ.

ವಿಶ್ವನ ಕಾಲ ಮುಂದೆ ಒಂದು ಪಟ್ಟಿ ಇಟ್ಟೆ, ದಾಟಿ ಸೈಕಲ್ ಹತ್ತಲಿ ಎಂದು. ಗಾಳಿ ಹೊತ್ತೊಯ್ದಿತು. ಇನ್ನೊಂದು ಇಟ್ಟೆ. ಅದೂ ಹೋಯಿತು. ಕೊನೆಗೆ ಮಾನಸಾಳೂ ನಾನೂ ಎತ್ತಿ ಕೂರಿಸಿದೆವು. ಅವಳು ಹ್ಯಾಂಡಲ್ ಹಿಡಿದಳು, ನಾನು ಸೀಟು ಹಿಡಿದು ತಳ್ಳಿದೆ. "ತುಳಿಯೋ ವಿಶ್ವ." ಒಂದು ಸುತ್ತು ತುಳಿದ. ಎರಡು. ಮೂರನೆಯದರ ಅರ್ಧಕ್ಕೆ ಪೆಡಲ್ ಮೇಲ್ಗಡೆಯೇ ನಿಂತುಬಿಟ್ಟಿತು. ಕಾಲು ನಡುಗಿತೇ ಹೊರತು ಇಳಿಯಲಿಲ್ಲ. ಮತ್ತೆ ಮಾಡಿದೆವು. ಮತ್ತೆ. ವಾಕಿಂಗ್ ಬಂದವರು ದಾರಿ ಬಿಟ್ಟು ನಡೆದರು.

"ಸಾಕು, ಇಳಿಸು" ಎಂದ.

ಸಮುದ್ರದ ಕಡೆಯ ಕಟ್ಟೆಯ ಮೇಲೆ ಕೂರಿಸಿದೆವು. ಮಾನಸ ಅವನ ಮಫ್ಲರ್ ಸರಿಮಾಡಿ ಟೀ ತರುವ ನೆಪದಲ್ಲಿ ದೂರ ಹೋದಳು.

"ನೀನ್ ಹೋಗ್ಬಾ."

"ಎಲ್ಲಿಗೆ?"

"ಸುತ್ತಕ್ಕೆ. ಇಷ್ಟ್ ದೂರ ಬಂದಿದೀವಿ. ನೋಡ್ಕೊಂಡ್ ಬಂದು ಹೇಳು. ಪೋಸ್ಟ್‌ಮ್ಯಾನ್ ಕೆಲಸ ಇವತ್ತು ನೀನ್ ಮಾಡು."

ಹೋದೆ. ಹೇಗೆ ಹೋದೆನೋ. ಹಳದಿ ಗೋಡೆಗಳು, ಬಾಗಿಲಲ್ಲಿ ರಂಗೋಲಿ ಇಡುವ ಹೆಂಗಸರು, ಕಾಲುವೆ, ಮೀನಿನ ಬುಟ್ಟಿ ಹೊತ್ತವಳು. ತುಳಿಯಬೇಕಾಗಿಯೇ ಇರಲಿಲ್ಲ, ಗಾಳಿ ತಳ್ಳುತ್ತಿತ್ತು. ಅಷ್ಟು ಸುಲಭ. ಜೂನಿನ ವಿಶ್ವ ಇಲ್ಲಿ ಕೈ ಬಿಟ್ಟು ಹೋಗುತ್ತಿದ್ದ, ಹತ್ತು ಮಾರಲ್ಲ, ಊರಿನ ಆ ತುದಿಯವರೆಗೆ. ಒಂದು ಏರು ಬಂದಿದ್ದರೆ ಸಾಕಿತ್ತು, ಇಳಿದು ತಳ್ಳುತ್ತಿದ್ದೆ, ಏದುಸಿರು ಬಿಡುತ್ತಿದ್ದೆ. ಬರಲೇ ಇಲ್ಲ.

ವಾಪಸ್ ಬಂದು ಕಂಡದ್ದೆಲ್ಲ ಹೇಳಿದೆ. ಕಣ್ಣು ಮುಚ್ಚಿ ಕೇಳಿದ.

"ಸೀಟು ಎತ್ತರ ಸರಿಯಿತ್ತಾ?"

"ಸರಿಯಿತ್ತು."

"ನಿನ್ ಮೇಲೆ ಸಿಟ್ಟು ಮಾಡ್ಕೊಂಡಿಲ್ಲ ಅಣ್ಣ" ಎಂದ. ಕಣ್ಣು ತೆರೆದು, "ಮಾಡ್ಕೊಂಡಿದ್ದೆ. ಈಗ ಅದಕ್ಕೂ ಶಕ್ತಿ ಇಲ್ಲ."

ಇನ್ನೊಂದು ಸುತ್ತು ಹೋಗಲು ಹೇಳಿದ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವನು ಸಮುದ್ರದ ಕಡೆಗೆ ನೋಡುತ್ತಿರಲಿಲ್ಲ. ನನ್ನ ಸೈಕಲ್ಲಿನ ಚಕ್ರ ನೋಡುತ್ತಿದ್ದ.

೮ ಜನವರಿ, ಗುರುವಾರ. ಶಂಕರಪುರ, ಸಂಜೆ

ವಿಶ್ವ ಇಂದು ಹಾಸಿಗೆಯಿಂದ ಏಳಲಿಲ್ಲ. ಪಟ್ಟಿಗಳು ಹೊಸದಾಗಿಯೇ ಇವೆ.

ಸರ್ವಮಂಗಳಾ ಎರಡು ಸಲ ಫೋನ್ ಮಾಡಿದಳಂತೆ. "ಹೇಗಾಯ್ತು ಅಂತ ದೊಡ್ಡಣ್ಣನ ಕೈಯಲ್ಲೇ ಬರೆಸು" ಎಂದಳಂತೆ ಮಾನಸಾಗೆ. ಅವಳಿಗೆ ನನ್ನ ಕಾಗದ ಬೇಕು. ಮೊದಲು ಇಲ್ಲಿ ಬರೆದುಕೊಂಡು ಆಮೇಲೆ ಇನ್‌ಲ್ಯಾಂಡ್ ಕಾಗದಕ್ಕೆ ಇಳಿಸುತ್ತೇನೆ.

ಪ್ರೀತಿಯ ಸರ್ವಮಂಗಳಾ,

ಪಾಂಡಿಚೇರಿಗೆ ಹೋಗಿ ಬಂದೆವು. ನಿಜವಾಗಿಯೂ ದೋಸೆ ಕಾವಲಿಯಂಥ ಊರು, ಎಲ್ಲೂ ಏರಿಲ್ಲ. ಬೆಳಿಗ್ಗೆ ಆರಕ್ಕೆ ಸಮುದ್ರದ ಪಕ್ಕ ಸೈಕಲ್ ಹೊಡೆದೆವು. ಎಂದಿನಂತೆ ನಾನು ಹಿಂದೆ. ಮುಂದೆ ವಿಶ್ವ...