ಮೊಳೆಯಿಲ್ಲದ ಬೀರು

ಅಪ್ಪಾ,

ನನ್ನ ಮದುವೆಗೆಂದು ನೀನು ಕೈಯಾರೆ ಮಾಡಿಕೊಟ್ಟ ಮರದ ಬೀರುವನ್ನು ಇವತ್ತು ಪಕ್ಕದ ಬೀದಿಯ ಶಾಲೆಗೆ ಕೊಟ್ಟುಬಿಟ್ಟೆ. ವಿಚ್ಛೇದನದ ಮೇಲೆ ನಾನು ಹಿಡಿದಿರುವ ಒಂದೇ ಕೋಣೆಯೊಳಗೆ ಅದು ಬಂದರೆ ನಾನು ಹೊರಗೆ ಮಲಗಬೇಕಿತ್ತು!

ನಾಲ್ಕು ಜನ ಹೊತ್ತು ತಂದರೂ ಅದು ಒಮ್ಮೆಯೂ ಕಿರ್ರೆನ್ನಲಿಲ್ಲ. ಮುಖ್ಯೋಪಾಧ್ಯಾಯಿನಿ ಬಾಗಿಲು ಸವರುತ್ತಾ, "ಎಲ್ಲಿ ತಗೊಂಡ್ರಮ್ಮಾ ಇದನ್ನ?" ಎಂದು ಕೇಳಿದರು.

"ತಗೊಂಡಿದ್ದಲ್ಲ ಮೇಡಂ, ನಮ್ಮಪ್ಪ ಮಾಡಿದ್ದು. ಒಂದು ಮೊಳೆನೂ ಹೊಡೆದಿಲ್ಲ ನೋಡಿ," ಅಂದೆ. ಎದೆಯುಬ್ಬಿತು.

ಮಕ್ಕಳು ಆಗಲೇ ಅದರಲ್ಲಿ ಪುಸ್ತಕ ಜೋಡಿಸತೊಡಗಿದ್ದರು.

ನನಗೀಗ ಒಂದು ಚಾಪೆ, ಎರಡು ಪಾತ್ರೆ, ಬಟ್ಟೆ ತೂಗುಹಾಕಲು ಒಂದು ಗೂಟ ಸಾಕಾಗಿದೆ. ಗೂಟವನ್ನು ನಾನೇ ಹೊಡೆದೆ, ನೆಟ್ಟಗಿದೆ.

ತೀರಿಕೊಳ್ಳುವ ಮುಂಚೆ ಕೊನೆಯ ಸಲ ನನ್ನ ಗಂಡನ ಮನೆಗೆ ಬಂದಾಗ, "ಚೆನ್ನಾಗಿದ್ದೀಯಾ ಮಗಳೇ?" ಎಂದು ನೀನು ಕೇಳಿದ್ದೆ. ನಾನು ಎತ್ತಲೋ ನೋಡುತ್ತಾ ಹೂಂ ಅಂದಿದ್ದೆ. ಇವತ್ತು ನೀನು ಕೇಳಿದ್ದರೂ ಹೂಂ ಅನ್ನುತ್ತಿದ್ದೆ ಅಪ್ಪಾ, ನಿನ್ನ ಮುಖ ನೋಡಿಕೊಂಡೇ.