ಹಿಡಿಗೆ ಸುತ್ತಿದ ದಾರ

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಸಿಡುಕಿಗೆ,

ಅಮ್ಮನ ಆಶೀರ್ವಾದ. ನಿನ್ನ ಚೂರಿ ಬಂದು ತಿಂಗಳ ಮೇಲಾಯಿತು. ಇನ್ನೂ ವಾಪಸ್ಸು ಬರಲಿಲ್ಲವೆಂದು ನೀನು ಅಲ್ಲಿ ಮುಖ ಊದಿಸಿಕೊಂಡು ಕೂತಿರುತ್ತೀಯ. ಫೋನಿನಲ್ಲಿ ಕೇಳಿದಾಗಲೆಲ್ಲ "ಅಪ್ಪ ಹಿಡಿಗೆ ದಾರ ಸುತ್ತುತ್ತಾ ಇದಾರೆ, ಈ ವಾರ ಕಳಿಸ್ತೀವಿ" ಎಂದು ತೇಲಿಸಿಬಿಟ್ಟೆ. ಬೈಯಬೇಡ. ನಾನು ಫೋನ್ ಎತ್ತಿದರೆ ಸಾಕು, ನಿನ್ನಪ್ಪ ಪಕ್ಕದಲ್ಲೇ ಏನೋ ಓದುವವರ ಹಾಗೆ ಕೂತು ಕಿವಿಯನ್ನು ಇತ್ತ ಬಿಟ್ಟಿರುತ್ತಾರೆ. ಅವರ ಎದುರಿಗೆ ಏನು ಹೇಳಲಿ? ಅದಕ್ಕೇ ಈ ಕಾಗದ. ಈಗ ಕ್ಷೌರಕ್ಕೆ ಹೋಗಿದ್ದಾರೆ, ಅಲ್ಲಿ ಮಾತಿಗೆ ಕೂತರೆ ಬೇಗ ಏಳುವುದಿಲ್ಲ. ಇದನ್ನು ಚೂರಿಯ ರಟ್ಟಿನ ಒರೆಯೊಳಗೆ ತುರುಕಿ ಕಳಿಸುತ್ತೇನೆ.

ಅಂಗಡಿಯ ಮುಂಭಾಗವನ್ನು ಜೆರಾಕ್ಸಿನವನಿಗೆ ಬಿಟ್ಟುಕೊಟ್ಟಿದ್ದೇವೆ. ಪುಸ್ತಕದ ಬೈಂಡಿಂಗ್ ಈಗ ಒಳಗಿನ ಕೋಣೆಗೆ ಸರಿದಿದೆ. ಅವನು ಬಾಯಿಬಡುಕ, ಆದರೆ ಮನಸ್ಸು ಒಳ್ಳೆಯದು. ನಮ್ಮನ್ನು ಹುಡುಕಿಕೊಂಡು ಗಿರಾಕಿ ಬಂದರೆ "ಅಮ್ಮಾ, ನಿಮ್ಮ ಕಾಲದ ಮನುಷ್ಯ ಒಬ್ಬ ಸಿಕ್ಕಿದಾನೆ, ಬೇಗ ಬನ್ನಿ, ಓಡಿಹೋಗ್ತಾನೆ" ಎಂದು ಕೂಗುತ್ತಾನೆ. ಬರುವವರು ಕಡಿಮೆ. ಹಾಳೆ ಹೊಲಿಯುವುದನ್ನು ನಾನು ಬಿಟ್ಟಿಲ್ಲ. ರಟ್ಟು ಕತ್ತರಿಸುವ ಕೆಲಸ ಮಾತ್ರ ನಿಂತಿದೆ.

ನಿನ್ನಪ್ಪನ ಕೈ ನಡುಗುತ್ತಿದೆ. ಇದನ್ನು ನಯವಾಗಿ ಹೇಳಲು ನನಗೆ ಬರುವುದಿಲ್ಲ. ಮೊದಲು ಕಾಫಿ ಲೋಟ ತುಳುಕಿತು, ಆಮೇಲೆ ರಟ್ಟಿನ ಅಂಚು ಸೊಟ್ಟಗಾಯಿತು. ಡಾಕ್ಟರು ನೋಡಿ "ಪ್ರಾಣಕ್ಕೇನೂ ಭಯವಿಲ್ಲ, ಚೂರಿ ಕತ್ತರಿ ಮಾತ್ರ ದೂರ ಇಡಿ" ಎಂದರು. "ಹಾಗಾದ್ರೆ ನನ್ನನ್ನೂ ಜೊತೆಗೆ ದೂರ ಇಟ್ಟುಬಿಡಿ" ಎಂದು ಇವರು ಎದ್ದು ಬಂದರು. ನಿನಗೆ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಕೊಟ್ಟ ಮಾತನ್ನು ಮುರಿಯುತ್ತಿದ್ದೇನೆ, ಏನು ಮಾಡಲಿ.

ನೀನು ಮನೆ ಬಿಟ್ಟು ಹೊರಟ ದಿನದ ಮಾತು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ. "ಅಪ್ಪನ ಅಂಗಡೀಲಿ ಚೂರಿ ಹಿಡಿಯೋಕೆ ಆಗಲ್ಲ, ಯಾರದೋ ಹೋಟೆಲಲ್ಲಿ ಈರುಳ್ಳಿ ಹೆಚ್ಚೋಕೆ ಆಗತ್ತೆ" ಎಂದರು ಅವರು. "ಹೆಚ್ಚಿದ ಈರುಳ್ಳೀನ ಜನ ತಿಂತಾರೆ. ನೀವು ಕಟ್ಟಿದ ಪುಸ್ತಕ ಯಾರು ಓದ್ತಾರೆ?" ಎಂದೆ ನೀನು. ನಾನು ಮಧ್ಯೆ ನಿಂತು ಸೂಜಿಗೆ ದಾರ ಪೋಣಿಸುತ್ತಿದ್ದೆ. ಒಂದು ಮಾತು ಆಡಿ ಇಬ್ಬರನ್ನೂ ತಡೆಯಬಹುದಿತ್ತು. ಸಂಜೆಗೆ ಸರಿಹೋಗುತ್ತದೆ ಬಿಡು ಎಂದುಕೊಂಡೆ. ಅಪ್ಪ ಮಗಳು ಇಬ್ಬರದೂ ಒಂದೇ ಹಟ ಎಂಬುದು ನನಗೆ ಗೊತ್ತಿರಬೇಕಿತ್ತು.

ಆಮೇಲೆ ನೀವಿಬ್ಬರೂ ಮಾತಾಡಿದ್ದೆಲ್ಲ ಈ ಚೂರಿಯ ಮೂಲಕವೇ. ಮೊದಲ ವರ್ಷ ನೀನು ಹೋಟೆಲಿನಲ್ಲಿ ಹೆಚ್ಚುವ ಚೂರಿಯ ಮರದ ಹಿಡಿ ಸೀಳಿತೆಂದು ಅದನ್ನು ನನ್ನ ಹೆಸರಿಗೆ ಪಾರ್ಸಲ್ ಮಾಡಿದೆ. ಹೊಸ ಚೂರಿ ಆ ಊರಿನಲ್ಲಿ ಸಿಗುವುದಿಲ್ಲವೇ ಎಂದು ನಾನು ಕೇಳಲಿಲ್ಲ, ಸುಮ್ಮನೆ ಅವರ ಮೇಜಿನ ಮೇಲಿಟ್ಟೆ. ಮಾರನೆಯ ದಿನ ನೋಡಿದರೆ, ಪುಸ್ತಕ ಹೊಲಿಯುವ ದಪ್ಪ ದಾರಕ್ಕೆ ಮೇಣ ತಿಕ್ಕಿ, ಎಳೆಯ ಪಕ್ಕ ಎಳೆ ಕೂರಿಸಿ, ಗಂಟೇ ಕಾಣದ ಹಾಗೆ ಸುತ್ತಿಟ್ಟಿದ್ದರು. ಅಂದಿನಿಂದ ವರ್ಷಕ್ಕೊಂದು ಸಲ ಅದು ಬರುವುದು, ಇವರು ಹಳೆಯ ದಾರ ಬಿಚ್ಚಿ ಹೊಸದು ಸುತ್ತುವುದು ನಡೆದುಕೊಂಡು ಬಂದಿದೆ.

ಬಿಚ್ಚುವ ಮುಂಚೆ ಅವರು ಹಿಡಿಯನ್ನು ಕಿಟಕಿಯ ಬೆಳಕಿಗೆ ಒಡ್ಡಿ ನೋಡುತ್ತಿದ್ದರು. ನಾನು ಕೈಕೆಲಸ ಬಿಟ್ಟು ಪಕ್ಕದಲ್ಲಿ ನಿಲ್ಲುತ್ತಿದ್ದೆ. "ಹೆಬ್ಬೆರಳ ಜಾಗ ಗುಳಿ ಬಿದ್ದಿದೆ, ಕೆಲಸ ಜಾಸ್ತಿ." "ಇಲ್ಲಿ ಸುಟ್ಟಿದೆ ನೋಡು. ಒಲೆ ಪಕ್ಕದಲ್ಲಿ ಇಡ್ತಾಳೆ, ಹೇಳಿದ್ರೆ ಕೇಳೋ ಜಾತಿ ಅಲ್ಲ." ಹೋದ ವರ್ಷ "ಬೆರಳು ಮುಂದಕ್ಕೆ, ಅಲಗಿನ ಕಡೆಗೆ ಬಂದಿದೆ ಕಣೇ, ನಾಜೂಕಿನ ಕೆಲಸ ಕೊಟ್ಟಿದಾರೆ, ಕೈ ಪಳಗಿದೆ" ಎಂದರು. ನೀನೋ ಫೋನಿನಲ್ಲಿ "ಚೆನ್ನಾಗಿದೀನಮ್ಮ, ಊಟ ಆಯ್ತಮ್ಮ" ಎಂಬುದರ ಆಚೆ ಒಂದು ಅಕ್ಷರ ಬಿಡುವವಳಲ್ಲ. ನಿನ್ನ ಸುದ್ದಿ ನನಗೆ ಸಿಗುತ್ತಿದ್ದದ್ದು ಆ ಕಿಟಕಿಯ ಹತ್ತಿರ ಮಾತ್ರ. ಇಸ್ತ್ರಿ ಅಂಗಡಿಯವಳ ಮುಂದೆ "ನನ್ನ ಮಗಳಿಗೆ ಬಡ್ತಿ ಆಗಿದೆ" ಎಂದು ಕೊಚ್ಚಿಕೊಂಡು ಬಂದೆ.

ಈ ವರ್ಷ ಅವರು ಹಿಡಿಯನ್ನು ಬೆಳಕಿಗೆ ಒಡ್ಡಿದರು, ತಿರುಗಿಸಿದರು, ಕೆಳಗಿಟ್ಟರು. "ಏನಂತೆ?" ಎಂದೆ. "ಎಲ್ಲ ಸರಿ ಇದೆ" ಎಂದರು. ಅಷ್ಟೇ.

ಆಮೇಲೆ ಶುರುವಾಯಿತು ಒದ್ದಾಟ. ಬಾಗಿಲು ಮುಂದೆ ಮಾಡಿಕೊಂಡು ಸುತ್ತುವುದು, ಕೈ ನಡುಗಿ ಎಳೆ ಜಾರುವುದು, ಬಿಚ್ಚುವುದು, ಮತ್ತೆ ಸುತ್ತುವುದು. ನಾನು ಒಳಗೆ ಹೋದರೆ ಚೂರಿಯನ್ನು ರಟ್ಟಿನ ಕೆಳಗೆ ತಳ್ಳಿಬಿಡುತ್ತಿದ್ದರು. ಕೊನೆಗೆ ಮೊನ್ನೆ ಅವರೇ "ಬಾರೇ ಇಲ್ಲಿ, ಹೊಲಿಗೆಯವಳು ನೀನು, ನಿನಗೆ ಬರತ್ತೆ" ಎಂದು ಕರೆದರು. ಇಷ್ಟು ವರ್ಷದಲ್ಲಿ ಅವರು ಹಾಗೆ ಕರೆದದ್ದು ಅದೇ ಮೊದಲು. ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತೆ.

ಹಿಡಿಯ ಉದ್ದಕ್ಕೆ ದಾರದ ಒಂದು ಕುಣಿಕೆ ಮಲಗಿಸಿ, ಅದರ ಮೇಲೆ ಸುತ್ತುತ್ತಾ ಬರಬೇಕು. ಕೊನೆಯ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಇನ್ನೊಂದು ಕಡೆಯಿಂದ ಜಗ್ಗಿದರೆ ಕುಣಿಕೆ ಆ ತುದಿಯನ್ನು ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಗಂಟು ಕಾಣದ ಗುಟ್ಟು ಅದೇ. ಅವರು ಚೂರಿಯ ಅಲಗಿಗೆ ಬಟ್ಟೆ ಸುತ್ತಿ ತೊಡೆಯ ಸಂದಿಯಲ್ಲಿ ಅದುಮಿ ಹಿಡಿದರು, ನಾನು ಸುತ್ತಿದೆ. "ಬಿಗಿ. ಇನ್ನೂ ಬಿಗಿ" ಎಂದು ಒಂದೇ ಸಮ ಜೀವ ತಿಂದರು. "ನಿಮ್ಮನ್ನ ಕಟ್ಕೊಂಡು ಇಷ್ಟು ದಿನ ಬಿಗಿಯಾಗೇ ಇದೀನಿ, ಇದೊಂದು ಹೆಚ್ಚಾ?" ಎಂದೆ. ನಕ್ಕರು, ಬಹಳ ದಿನದ ಮೇಲೆ.

ಅಲಗಿನ ಹತ್ತಿರ ಒಂದಷ್ಟು ಸುತ್ತು ಸಡಿಲವಾಗಿ ಸೊಟ್ಟಗೆ ಇದೆ. ಅದು ಅವರೊಬ್ಬರೇ ಸುತ್ತಿದ್ದು. ಬಿಚ್ಚಿ ಸರಿ ಮಾಡುತ್ತೇನೆಂದರೆ "ಇರಲಿ ಬಿಡು, ಅಷ್ಟಾದ್ರೂ ನಂದು ಇರಲಿ" ಎಂದರು. ನೀನೂ ಅದನ್ನು ಬಿಚ್ಚಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಊರಿಗೆಲ್ಲ ಅಡುಗೆ ಮಾಡುವವರು ತಾವು ತಣ್ಣಗಾದದ್ದನ್ನು ತಿನ್ನುತ್ತಾರಂತೆ, ಹಾಗೆ ಮಾಡಬೇಡ. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಸಿಡುಕು ಸ್ವಲ್ಪ ಇಳಿಯಲಿ, ನೂರು ವರ್ಷ ಸುಖವಾಗಿ ಬಾಳು.

ನಿನ್ನ ಅಮ್ಮ

ತಾ.ಕ.: ಇಷ್ಟಕ್ಕೇ ಮುಗಿಸಿ ಮಡಚಿದ್ದೆ. ಮನಸ್ಸು ಕೇಳಲಿಲ್ಲ.

ಸುತ್ತಿ ಮುಗಿಸಿದ ಮೇಲೆ ಬಿಚ್ಚಿಟ್ಟಿದ್ದ ಹಳೆಯ ದಾರ ನನ್ನ ಕೈಗೆ ಬಂತು. ಕಪ್ಪಗಿತ್ತು. "ಎಷ್ಟು ಕೊಳೆ, ಪಾಪ, ಎಷ್ಟು ದುಡಿದಿದಾಳೋ" ಎಂದೆ.

"ಅದು ದುಡಿದ ಕೊಳೆ ಅಲ್ಲ ಕಣೇ. ಬಳಸಿದ ಹಾಗೆ ಕಾಣಲಿ ಅಂತ ಎಣ್ಣೆಗೆ ಮಸಿ ಕಲಸಿ ಬಳಿದಿದಾಳೆ. ಹಿಡಿದ ಕೈ ಹೀಗೆ ಎಲ್ಲ ಕಡೆ ಒಂದೇ ಸಮ ಕೊಳೆ ಮಾಡಲ್ಲ. ಒಂದು ಬೆರಳಿನ ಗುಳಿ ಇದ್ಯಾ ನೋಡು" ಎಂದರು. ಸಿಟ್ಟಿನಿಂದ ಹೇಳಲಿಲ್ಲ. "ದೊಡ್ಡ ಹೋಟೆಲು. ದಾರ ಸುತ್ತಿದ ಚೂರಿ ಅಲ್ಲಿ ಬಿಡಲ್ವೇನೋ" ಎಂದು ನಿನ್ನ ಪರವಾಗಿ ಅವರೇ ಸಮಾಧಾನ ಹೇಳಿದರು.

ಎಂದಿನಿಂದ ಹೀಗೆ ಎಂದು ಕೇಳಿದೆ. ಮೂರು ವರ್ಷದಿಂದಲಂತೆ.

"ಹಾಗಾದ್ರೆ ಹೋದ ವರ್ಷ ಬೆರಳು ಮುಂದಕ್ಕೆ ಬಂದಿದೆ, ಕೈ ಪಳಗಿದೆ ಅಂದ್ರಲ್ಲ?"

"ನೀನು ಆಸೆಯಿಂದ ನಿಂತಿರ್ತಿದ್ದೆ. ಏನಾದ್ರೂ ಹೇಳಬೇಕಿತ್ತಲ್ಲ. ಈ ಸಲ ಏನೂ ಹೊಳೀಲಿಲ್ಲ."

ಮೂರು ವರ್ಷದಿಂದ ನಿನ್ನ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಸಿಡುಕಿ. ಗೊತ್ತಿದೆ ಎಂದುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದ್ದೇನೆ. ಈಗಲೇ ಫೋನ್ ಮಾಡಿ ಕೇಳುತ್ತೇನೆಂದು ಎದ್ದೆ. ನಿನ್ನಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರ ಕೈ ನಡುಗಿ ನನ್ನ ಬಳೆಯೂ ನಡುಗುತ್ತಿತ್ತು.

"ಕೇಳಬೇಡ. ನನಗೆ ಗೊತ್ತು ಅಂತ ಗೊತ್ತಾದ್ರೆ ಕಳಿಸೋದು ನಿಲ್ಲಿಸಿಬಿಡ್ತಾಳೆ."

ಅದಕ್ಕೇ ಕೇಳುತ್ತಿಲ್ಲ, ಹೇಳುತ್ತಿದ್ದೇನೆ: ಕಳಿಸುವುದನ್ನು ನಿಲ್ಲಿಸಬೇಡ, ಇನ್ನು ಮಸಿ ಮಾತ್ರ ಬಳಿಯಬೇಡ. ಆ ಚೂರಿಯಿಂದ ಏನನ್ನೂ ಹೆಚ್ಚದಿದ್ದರೂ ಪರವಾಗಿಲ್ಲ. ಕೆಲಸ ಮುಗಿಸಿ ಕೋಣೆಗೆ ಬಂದು ಕೂತಾಗ ದಿನಾ ಸ್ವಲ್ಪ ಹೊತ್ತು ಅದರ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡಿರು.