ಹ್ಯಾಂಡ್‌ಬ್ರೇಕಿನ ಮುರಿದ ತಗಡು

ಮನೆಯಿಂದ,
ಹದಿನೆಂಟನೇ ತಾರೀಖು, ಶನಿವಾರ ಬೆಳಗ್ಗೆ

ಪ್ರೀತಿಯ ಟೀಚರಮ್ಮನಿಗೆ,

ಹೇಗಿದ್ದೀಯ? ಮೊಣಕೈ ನೋವು ಕಡಿಮೆಯಾಯಿತಾ? ಅಕ್ಕನನ್ನು ಎಬ್ಬಿಸುವುದು, ಕೂರಿಸುವುದು ಎಲ್ಲವನ್ನೂ ಆ ಒಂದೇ ಕೈ ಮೇಲೆ ಹಾಕಬೇಡ ಅಂತ ನೀನು ಹೊರಡುವಾಗಲೇ ಹೇಳಿದ್ದೆ. ಕೇಳಿರುವುದಿಲ್ಲ, ಗೊತ್ತು. ಅಕ್ಕನ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆ ಎಂದು ಡಾಕ್ಟರು ಹೇಳಿದ್ದು ಕೇಳಿ ಮನಸ್ಸು ಹಗುರಾಯಿತು. ಕೋಲು ಹಿಡಿದು ಬಾಗಿಲವರೆಗೆ ನಡೆದರಂತೆ. ಇನ್ನು ಹದಿನೈದು ದಿನಕ್ಕೆ ನಿನ್ನನ್ನೇ ಅಟ್ಟಿಸಿಕೊಂಡು ಬರುತ್ತಾರೆ ನೋಡು. ನಾನು ಚೆನ್ನಾಗಿದ್ದೇನೆ. ಅಡುಗೆ ನಡೆಯುತ್ತಿದೆ. ತಳ ಹಿಡಿದ ಪಾತ್ರೆ ಎರಡೇ ಎರಡು, ಅವನ್ನೂ ನೀನು ಬರುವಷ್ಟರಲ್ಲಿ ಉಜ್ಜಿ ಇಡುತ್ತೇನೆ. ಅಂಗಡಿಯಲ್ಲಿ ವ್ಯಾಪಾರ ಎಂದಿನಂತೆಯೇ ಇದೆ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡೇ ಕಳೆದುಹೋಯಿತು ಅಂತ ಹೊಸದು ಕೇಳಲು ಬಂದವರು ಈ ವಾರವೂ ಒಬ್ಬರಿದ್ದರು.

ಇಷ್ಟಕ್ಕೆ ಕಾಗದ ಯಾಕೆ, ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ನಿಮ್ಮಕ್ಕ ಸ್ಪೀಕರ್ ಹಾಕದೆ ಫೋನ್ ಎತ್ತುವವರಲ್ಲ. ನಾನು ಒಂದು ಮಾತು ಹೇಳುವಷ್ಟರಲ್ಲಿ ಅವರು ಅದಕ್ಕೆ ಎರಡು ಸಲಹೆ ಕೊಟ್ಟಿರುತ್ತಾರೆ. ಇದು ಸಲಹೆ ಇಲ್ಲದೆ ಕೊನೆಯವರೆಗೂ ಹೇಳಬೇಕಾದ ವಿಷಯ.

ವಿಷಯ ಏನೆಂದರೆ, ಈ ವಾರವೆಲ್ಲ ನಾನು ಕಾರಿನ ಕೆಳಗೆ ಮಲಗಿದ್ದೆ. ನಗಬೇಡ. ಸೋಮವಾರ ಅಂಗಡಿಯ ಮುಂದೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ ನೋಡು, ಕೆಳಗೆಲ್ಲೋ ಠಣ್ ಅಂದಿತು, ಹಿಡಿ ಸಲೀಸಾಗಿ ಮೇಲೆ ಬಂದುಬಿಟ್ಟಿತು. ನೀರು ಸೇದುವಾಗ ಹಗ್ಗ ಕಡಿದರೆ ಕೈ ಹಗುರಾಗುತ್ತದಲ್ಲ, ಹಾಗೆ. ಗ್ಯಾರೇಜಿನವನ ಬಾಗಿಲಿಗೆ ಬೀಗ, ಬರುವುದು ಮುಂದಿನ ತಿಂಗಳಂತೆ. ಬೇರೆ ಗ್ಯಾರೇಜು ಹುಡುಕಬಹುದಿತ್ತು. ಆದರೆ ನಿನಗೇ ಗೊತ್ತು, ಏನಾದರೂ ಮುರಿದರೆ ಎಲ್ಲಿ ಮುರಿಯಿತು, ಯಾಕೆ ಮುರಿಯಿತು ಅಂತ ನೋಡದೆ ನನಗೆ ಊಟ ಸೇರುವುದಿಲ್ಲ. ಮೂವತ್ತೆರಡು ವರ್ಷ ಮುರಿದ ಕನ್ನಡಕಗಳನ್ನೇ ನೋಡಿಕೊಂಡು ಬಂದವನಿಗೆ ಅದೊಂದು ಚಟ. ಮಂಗಳವಾರ ಅಂಗಡಿಯ ಹಿಂದಿನ ಸಮತಟ್ಟು ಜಾಗಕ್ಕೆ ಕಾರು ತಂದು, ಮುಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಹಿಂಭಾಗವನ್ನು ಜ್ಯಾಕಿನಿಂದ ಎತ್ತಿ, ಅಡಿಗೆ ದಪ್ಪ ಮರದ ದಿಮ್ಮಿಗಳನ್ನಿಟ್ಟು, ಎರಡೆರಡು ಸಲ ಅಲುಗಿಸಿ ನೋಡಿ, ಆಮೇಲೆಯೇ ನುಸುಳಿದೆ. ನೀನು ಎದುರಿಗಿದ್ದರೆ ಏನೇನು ಬೈಯುತ್ತಿದ್ದೆಯೋ ಅಷ್ಟನ್ನೂ ನಾನೇ ಬೈದುಕೊಂಡು ಜಾಗ್ರತೆ ಮಾಡಿದ್ದೇನೆ.

ಕೆಳಗಿನಿಂದ ನೋಡಿದರೆ ಕಾರು ಬೇರೆಯೇ ಪ್ರಾಣಿ. ಇಷ್ಟು ವರ್ಷ ಅದರ ಮುಖ ಮಾತ್ರ ನೋಡಿದ್ದೆವು, ಹೊಟ್ಟೆ ನೋಡಿರಲಿಲ್ಲ. ಹ್ಯಾಂಡ್‌ಬ್ರೇಕಿನ ಹಿಡಿಯಿಂದ ಹಿಂದಿನ ಎರಡು ಚಕ್ರಗಳಿಗೂ ಉಕ್ಕಿನ ಕೇಬಲ್ ಹೋಗುತ್ತದೆ. ಕೇಬಲ್ಲಿನ ಮೇಲೆ ಗಟ್ಟಿ ಹೊದಿಕೆ. ಆ ಹೊದಿಕೆಯ ತುದಿಯನ್ನು ಅಲುಗದಂತೆ ಕಚ್ಚಿ ಹಿಡಿಯುವುದಕ್ಕೆ ಎರಡು ಬೆರಳಗಲದ ಒಂದು ಬಾಗಿದ ತಗಡು. ಸೈಕಲ್ ಬ್ರೇಕಿನಲ್ಲೂ ಇರುವುದು ಇದೇ. ಹೊದಿಕೆ ಗಟ್ಟಿ ನಿಂತರೆ ಒಳಗಿನ ಕೇಬಲ್ ಚಕ್ರವನ್ನು ಹಿಡಿಯುತ್ತದೆ. ತಗಡು ಸೋತರೆ ಹೊದಿಕೆಯೂ ಕೇಬಲ್ಲಿನ ಹಿಂದೆಯೇ ಹೊರಡುತ್ತದೆ, ನೀನು ಮೇಲೆ ಎಷ್ಟು ಎಳೆದರೂ ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಇಷ್ಟು ದೊಡ್ಡ ಕಾರು ಇಳಿಜಾರಿನಲ್ಲಿ ನಿಲ್ಲುವುದು ನನ್ನ ಅಂಗೈಯಲ್ಲಿ ಹಿಡಿಸುವ ಒಂದು ತಗಡಿನ ಮೇಲೆ! ಅದನ್ನು ತಿಳಿದು ನಾನು ಅಲ್ಲೇ ಮಲಗಿ ಸ್ವಲ್ಪ ಹೊತ್ತು ಆಶ್ಚರ್ಯಪಟ್ಟೆ. ತಗಡು ನಡುವೆ ಸರಿಯಾಗಿ ಎರಡಾಗಿತ್ತು. ಬೋಲ್ಟುಗಳನ್ನು ಬಿಚ್ಚಿ ಎರಡೂ ತುಂಡುಗಳನ್ನು ಅಂಗಡಿಯ ಮೇಜಿಗೆ ತಂದೆ.

ಮೊದಲು ಮಾಡಿದ ಪೆದ್ದುತನ ಹೇಳಿ ಮುಗಿಸುತ್ತೇನೆ, ಹೇಗೂ ಯಾರಾದರೂ ನಿನ್ನ ಕಿವಿಗೆ ಹಾಕುತ್ತಾರೆ. ಹೊಸ ತಗಡು ಮಾಡಲು ಹಳೆಯ ಕಪಾಟಿನ ಉಕ್ಕಿನ ಪಟ್ಟಿ ಸಿಕ್ಕಿತು. ಮತ್ತೆ ಕಾರಿನ ಕೆಳಗೆ ಮಲಗಿ ರಟ್ಟಿನ ಮೇಲೆ ಅಳತೆ ಬರೆದುಕೊಂಡೆ, ಯಾವ ತೂತು ಎಡಕ್ಕೆ, ಬಾಗು ಯಾವ ಕಡೆಗೆ ಎಲ್ಲವನ್ನೂ. ಮೇಜಿಗೆ ಬಂದು ಕೂತ ಕೂಡಲೇ ಕೈ ತಾನಾಗಿ ಎಡವನ್ನು ಬಲ ಮಾಡಿಬಿಟ್ಟಿತು. ಗಿರಾಕಿ ಎದುರಿಗೆ ಕೂತಾಗ ಅವರ ಬಲಗಣ್ಣು ನನ್ನ ಎಡಕ್ಕಿರುತ್ತದಲ್ಲ, ಎಲ್ಲವನ್ನೂ ತಿರುಗಿಸಿ ಬರೆಯುವುದು ನನಗೆ ಉಸಿರಾಟದಷ್ಟು ಅಭ್ಯಾಸ. ಬುಧವಾರ ಇಡೀ ದಿನ ಗರಗಸ, ಅರ, ಡ್ರಿಲ್ಲು ಹಿಡಿದು ಮಾಡಿದ ತಗಡು ಕಾರಿಗೆ ಬೆನ್ನು ಹಾಕಿ ನಿಂತಿತು. ಗುರುವಾರ ಮತ್ತೆ ಮೊದಲಿನಿಂದ. ಎರಡನೆಯದು ಕುಲುಕಾಡದೆ ಕೂತಿತು. ಬೋಲ್ಟು ಬಿಗಿದು, ಕೇಬಲ್ಲಿನ ಸಡಿಲ ತೆಗೆದೆ.

ಈಗ ನಾನು ಹೇಳಬೇಕೆಂದದ್ದು. ಮಂಗಳವಾರವೇ, ಆ ಮುರಿದ ತುಂಡುಗಳು ಕೈಗೆ ಬಂದಾಗ, ಅಭ್ಯಾಸದಂತೆ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮುರಿದ ಅಂಚನ್ನು ದೀಪಕ್ಕೆ ಹಿಡಿದೆ. ಕನ್ನಡಕ ತಂದವರೆಲ್ಲ ಹೇಳುವುದು ಒಂದೇ ಅಲ್ಲವೇ, ನಾನೇನೂ ಮಾಡಲಿಲ್ಲ, ಅದೇ ಮುರಿಯಿತು ಅಂತ. ನಿಜ ಯಾವುದು, ಅದರ ಮೇಲೆ ಕೂತು ಮುರಿದದ್ದು ಯಾವುದು, ನಾನು ಅಂಚು ನೋಡಿ ಹೇಳುತ್ತೇನೆ. ಹೊಸದಾಗಿ ಮುರಿದದ್ದು ಹೊಳೆಯುತ್ತದೆ. ಹಳೆಯ ಬಿರುಕು ಮಂಕಾಗಿರುತ್ತದೆ. ಈ ತಗಡಿನ ಅಂಚಿನಲ್ಲಿ ಹೊಳೆಯುತ್ತಿದ್ದುದು ಉಗುರಿನ ತುದಿಯಷ್ಟು ಮಾತ್ರ, ಅದು ಸೋಮವಾರದ್ದು. ಮಿಕ್ಕದ್ದೆಲ್ಲ ಕಂದು, ತುಕ್ಕು. ಆ ಕಂದಿನ ಅರ್ಧದವರೆಗೆ ಕಪ್ಪು ಬಣ್ಣ ಒಳಗೆ ಇಳಿದಿತ್ತು.

ಕಪ್ಪು ಬಣ್ಣ ಬಿರುಕಿನ ಒಳಗೆ ಹೇಗೆ ಬಂತು ಎಂದು ಯೋಚಿಸುತ್ತಾ ಕೂತೆ. ನಮ್ಮ ಕಾರಿನ ಅಡಿಗೆ ಕಪ್ಪು ಬಣ್ಣ ಹೊಡೆದದ್ದು ಒಂದೇ ಸಲ. ಹದಿನಾಲ್ಕು ತಿಂಗಳ ಹಿಂದೆ, ಅದು ಮನೆಯ ಮುಂದಿನ ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ ಕೆಳಮನೆಯ ಗೋಡೆಗೆ ಗುದ್ದಿದ ನಾಲ್ಕನೆಯ ದಿನ, ಹಿಂಭಾಗ ನೆಟ್ಟಗೆ ಮಾಡಿದ ಗ್ಯಾರೇಜಿನವನು ತುಕ್ಕು ಹಿಡಿಯದಿರಲಿ ಅಂತ ಹೊಡೆದುಕೊಟ್ಟ. ಅಂದರೆ ಬಣ್ಣ ಹೊಡೆಯುವಾಗಲೇ ಬಿರುಕು ಇತ್ತು. ಗುದ್ದಿದ್ದರಿಂದಲೇ ಬಿರುಕು ಬಿಟ್ಟಿರಬಹುದಲ್ಲ ಅಂತ ನನಗೂ ಅನ್ನಿಸಿತು. ಸೂಜಿಯಿಂದ ಆ ಬಣ್ಣವನ್ನು ಸ್ವಲ್ಪವೇ ಕೆರೆದೆ. ಬಣ್ಣದ ಅಡಿಯಲ್ಲೂ ತುಕ್ಕು ಇತ್ತು, ಹೊರೆಹೊರೆಯಾಗಿ. ನಾಲ್ಕು ದಿನದಲ್ಲಿ ಬರುವ ತುಕ್ಕಲ್ಲ ಅದು. ಕಾರು ಉರುಳುವುದಕ್ಕೆ ಎಷ್ಟೋ ಮೊದಲೇ ತಗಡು ಸೀಳಿತ್ತು. ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು ಮೇಜಿನ ಮೇಲಿಟ್ಟೆ.

ಆ ದಿನದ ಬಗ್ಗೆ ನಾವಿಬ್ಬರೂ ಈವರೆಗೆ ಬಾಯಿ ಬಿಟ್ಟು ಮಾತಾಡಿಲ್ಲ. ನೀನು ಶಾಲೆಯಿಂದ ಬಂದು ಎಂದಿನ ಜಾಗದಲ್ಲಿ ನಿಲ್ಲಿಸಿ ಒಳಗೆ ಬಂದು ಕೈಕಾಲು ತೊಳೆಯುತ್ತಿದ್ದೆ. ಹತ್ತು ನಿಮಿಷ ಕಳೆದಿರಲಿಲ್ಲ, ಆ ಸದ್ದು. ಕೆಳಮನೆಯ ಟೈಲರ್‌ನ ಗೋಡೆ ಬಿದ್ದಿತ್ತು, ಅವನ ತಾಯಿ ದಿನಾ ಸಂಜೆ ಕೂರುವ ಕುರ್ಚಿ ಇಟ್ಟಿಗೆಗಳ ಅಡಿ ಅಪ್ಪಚ್ಚಿಯಾಗಿತ್ತು. ಅಜ್ಜಿ ನೀರು ಕುಡಿಯಲು ಒಳಗೆ ಹೋಗಿದ್ದರು. ಅಷ್ಟೇ ಅದೃಷ್ಟ. ಟೈಲರ್, ಗ್ಯಾರೇಜಿನವನು, ಬೀದಿಯವರು ಎಲ್ಲ ಸೇರಿದ್ದಾಗ ನಾನು, ಇವಳು ಹ್ಯಾಂಡ್‌ಬ್ರೇಕ್ ಎಳೆಯೋದು ಮರೆತಿದ್ದಾಳೆ, ಅಂದೆ. ನೀನು, ಇಲ್ಲಾ ರೀ, ನಾನು ಎಳೆದಿದ್ದೆ, ಅಂದೆ. ಎಳೆದಿದ್ರೆ ಕಾರಿಗೇನು ಕಾಲು ಬಂತಾ, ಅಂತ ನಾನು ಅಂದದ್ದಕ್ಕೆ ನಾಲ್ಕು ಜನ ನಕ್ಕರು. ಗೇರಿನಲ್ಲಿ ಬಿಟ್ಟು ನಿಲ್ಲಿಸಬೇಡ, ಸ್ಟಾರ್ಟ್ ಮಾಡುವಾಗ ಎಗರುತ್ತದೆ ಎಂದು ಕಲಿಸಿದವನೂ ನಾನೇ, ಅದನ್ನು ಮಾತ್ರ ಹೇಳಲಿಲ್ಲ. ಆಮೇಲೆ ಸಮತಟ್ಟು ನೆಲದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು ಇಬ್ಬರು ತಳ್ಳಿ ನೋಡಿದೆವು, ಕಾರು ಅಲುಗಲಿಲ್ಲ. ಅರೆಸೀಳಿದ ತಗಡು ಸಮತಟ್ಟಿನಲ್ಲಿ ಹಿಡಿಯುತ್ತದೆ, ಇಳಿಜಾರಿನ ಭಾರಕ್ಕೆ ಬಾಯಿ ಬಿಡುತ್ತದೆ ಎಂಬುದು ಯಾರಿಗೆ ಹೊಳೆಯಬೇಕು? ನನಗೆ ಹೊಳೆಯಬೇಕಿತ್ತು. ಅದಕ್ಕೂ ತಿಂಗಳು ಮೊದಲು ನೀನು, ಹ್ಯಾಂಡ್‌ಬ್ರೇಕ್ ಯಾಕೋ ಮೆತ್ತಗೆ ಬರ್ತಿದೆ ರೀ, ಒಂದ್ಸಲ ನೋಡಿ, ಅಂದಿದ್ದೆ. ಡಸ್ಟರ್ ಹಿಡಿದ ಕೈಗೆ ಎಲ್ಲಾ ಮೆತ್ತಗೇ ಅನ್ಸುತ್ತೆ, ಅಂತ ನಾನು ತಮಾಷೆ ಮಾಡಿದೆ.

ಎಳೆದಿದ್ದೆ ಅನ್ನುವ ಮಾತನ್ನು ನೀನು ಮತ್ತೆ ಆಡಲಿಲ್ಲ. ಮಾರನೆಯ ದಿನ ಕೀಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದವಳು ಇವತ್ತಿನವರೆಗೆ ಮುಟ್ಟಿಲ್ಲ. ನಾನು ಮಾತ್ರ ಅಂದಿನಿಂದ ಗೇರಿನಲ್ಲೇ ಬಿಟ್ಟು ನಿಲ್ಲಿಸುತ್ತಿದ್ದೇನೆ, ಅದಕ್ಕೇ ಕಾರು ಮತ್ತೆ ಉರುಳಲಿಲ್ಲ. ನನಗಿಂತ ಚೆನ್ನಾಗಿ ಓಡಿಸುತ್ತಿದ್ದವಳು ಶಾಲೆಗೆ ಎರಡು ಬಸ್ಸು ಬದಲಿಸಿಕೊಂಡು ಹೋದೆ. ಅಜ್ಜಿಯ ಕಡೆ ತಲೆ ಎತ್ತಿ ನೋಡದೆ ಆ ಮನೆಯ ಮುಂದೆ ಬೇಗ ಬೇಗ ನಡೆದೆ. ನಾನು ಅದನ್ನು ದಿನಾ ನೋಡಿದೆ.

ನಿನ್ನೆ ಶುಕ್ರವಾರ ಮನೆಯ ಮುಂದೆ, ಅದೇ ಜಾಗದಲ್ಲಿ ಕಾರು ನಿಲ್ಲಿಸಿದೆ. ಚಕ್ರದ ಹಿಂದೆ ಗೇಣಿನಷ್ಟು ಬಿಟ್ಟು ಇಟ್ಟಿಗೆ ಇಟ್ಟೆ, ನನ್ನ ಕೈಗೆಲಸದ ಮೇಲೆ ಅಷ್ಟು ನಂಬಿಕೆ ಇನ್ನೂ ಬಂದಿರಲಿಲ್ಲ. ಗೇರು ತೆಗೆದು, ಹಿಡಿಯನ್ನು ನೀನು ಎಳೆಯುವ ಹಾಗೆಯೇ ಎಳೆದೆ. ನಾನು ಮೂರು ಸದ್ದಿಗೆ ಬಿಟ್ಟುಬಿಡುತ್ತೇನೆ. ನಿನ್ನದು ಒಂದೇ ಉಸಿರಿಗೆ ನಾಲ್ಕು ಕಟಕಟ, ಸ್ವಲ್ಪ ತಡೆದು, ಆಮೇಲೆ ಐದನೆಯದು. ಕಾರು ನಿಂತಿತು. ನಿನ್ನ ಪೆಟ್ಟಿಗೆಯಿಂದ ಒಂದು ಸೀಮೆಸುಣ್ಣ ತೆಗೆದು ಟೈರಿನಿಂದ ನೆಲಕ್ಕೆ ಒಂದು ಗೆರೆ ಎಳೆದೆ. ಇವತ್ತು ಬೆಳಗ್ಗೆ ಬಗ್ಗಿ ನೋಡಿದೆ, ಗೆರೆ ನೆಟ್ಟಗೇ ಇದೆ.

ಗೆರೆ ಎಳೆದ ಮೇಲೆ ಕೆಳಮನೆಗೆ ಇಳಿದು ಹೋದೆ. ಟೈಲರ್‌ಗೂ ಅವನ ತಾಯಿಗೂ ತಗಡು ತೋರಿಸಿ, ಅವಳು ಎಳೆದಿದ್ಳು, ತಪ್ಪು ಇದರದ್ದು, ಇದನ್ನ ನೋಡದೇ ಇದ್ದ ನನ್ನದು, ಅಂದೆ. ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ ತಗಡನ್ನು ತಿರುಗಿಸಿ ತಿರುಗಿಸಿ ನೋಡಿದ. ಅಜ್ಜಿ ತಗಡು ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡಿ, ಅಲ್ಲಪ್ಪಾ, ಅವತ್ತು ನೀನು ಮನೇಲೇ ಇದ್ದೆಯಲ್ಲ, ಅವಳು ಎಳೆದದ್ದು ನಿಂಗೆ ಕೇಳಿಸ್ಲಿಲ್ವಾ, ಅಂತ ಕೇಳಿದರು. ಏನೋ ಗೊಣಗಿ ಮೇಲೆ ಹತ್ತಿ ಬಂದೆ. ನೀನು ಬಂದ ಕೂಡಲೇ ಅವರ ಹತ್ತಿರ ಕೂತು ಹೋಗಬೇಕಂತೆ, ಹೊಸ ಕುರ್ಚಿ ಗಟ್ಟಿಯಾಗಿದೆಯಂತೆ.

ಮುಂದಿನ ಭಾನುವಾರ ಅಕ್ಕನನ್ನು ನೋಡಿ, ನಿನ್ನನ್ನು ಕರೆದುಕೊಂಡು ಹೋಗಲು ಕಾರಿನಲ್ಲಿ ಬರುತ್ತೇನೆ. ಮುರಿದ ತಗಡನ್ನು ಒಂದು ಕನ್ನಡಕದ ಡಬ್ಬಿಯಲ್ಲಿ ಭದ್ರವಾಗಿಟ್ಟಿದ್ದೇನೆ, ಭೂತಗನ್ನಡಿಯನ್ನೂ ತರುತ್ತೇನೆ. ನೀನೇ ನೋಡಬೇಕು. ನನ್ನನ್ನು ಕ್ಷಮಿಸು ಅಂತ ಬರೆಯುವುದು ಸುಲಭ, ಅದಕ್ಕೇ ಎದುರಿಗೆ ಬಂದು ಹೇಳುತ್ತೇನೆ. ಅಕ್ಕನಿಗೆ ನನ್ನ ನಮಸ್ಕಾರ, ಕೋಲು ಬಿಟ್ಟು ಓಡಾಡುವ ಅವಸರ ಬೇಡ ಎಂದು ಹೇಳು. ನಿನ್ನ ಮೊಣಕೈಗೆ ಬಿಸಿನೀರಿನ ಶಾಖ ಮರೆಯಬೇಡ.

ಇಂತಿ ನಿನ್ನ,
ಕನ್ನಡಕದವನು

ತಾ.ಕ.: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಅಂಚೆಯವನು ಬರುವ ಹೊತ್ತಾಯಿತು. ಅಜ್ಜಿ ಕೇಳಿದ್ದಕ್ಕೆ ಉತ್ತರ. ಅವತ್ತು ನಾನು ಕಿಟಕಿಯ ಪಕ್ಕದಲ್ಲೇ ಕೂತು ಒಂದು ಕನ್ನಡಕಕ್ಕೆ ತಿರುಪು ಹಾಕುತ್ತಿದ್ದೆ. ಕಿಟಕಿ ತೆರೆದಿತ್ತು. ನಾಲ್ಕು ಸದ್ದು ಕೇಳಿಸಿತು, ಸ್ವಲ್ಪ ತಡೆದು ಐದನೆಯದೂ ಕೇಳಿಸಿತು. ಆ ಮುರಿದ ಕುರ್ಚಿ ನೋಡಿದಾಗ ಹೆದರಿದೆ. ನೀನು ಎಳೆದಿದ್ದೆ ಎಂದು ಒಪ್ಪಿದರೆ, ಮೆತ್ತಗಿದೆ ಅಂದಾಗ ನೋಡದ ನನ್ನ ಮೇಲೆ ತಪ್ಪು ಬರುತ್ತಿತ್ತು. ಬಾಯಿಗೆ ಬಂದದ್ದು ಆಡಿದೆ, ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ. ತಗಡು ನನಗೆ ಹೊಸದೇನೂ ಹೇಳಲಿಲ್ಲ. ಭಾನುವಾರ ಕೀ ನಿನ್ನ ಕೈಗೆ ಕೊಡುತ್ತೇನೆ, ವಾಪಸು ಬರುವಾಗ ನನ್ನನ್ನು ಹತ್ತಿಸಿಕೊಳ್ಳುವುದು ಬಿಡುವುದು ನಿನಗೆ ಬಿಟ್ಟದ್ದು. ನೀನು ಎಳೆದಿದ್ದೆ. ನಾನು ಕೇಳಿಸಿಕೊಂಡಿದ್ದೆ.